ಕಾರಿನ ನೆನಪು ಅಳಿಸುವ ಮುನ್ನ

ವೇಗಕ್ಕೆಂದೇ ಕಟ್ಟಿದ ಟರ್ಬೊ ಕಾರು. ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ 98 ಆಕ್ಟೇನ್ ಅಥವಾ ಅದಕ್ಕೂ ಮೇಲಿನದನ್ನೇ ಹಾಕಬೇಕೆಂದು ಬರೆದಿದೆ. ದೂರದ ಪ್ರಯಾಣ, ರಾತ್ರಿ ಹೊತ್ತು. ಸಿಕ್ಕ ಬಂಕಿನಲ್ಲಿ ಇದ್ದದ್ದು ಸಾಧಾರಣ ಪೆಟ್ರೋಲ್ ಮಾತ್ರ. ಬೇರೆ ದಾರಿ ಕಾಣದೆ ಮಾಲೀಕ ಅದನ್ನೇ ತುಂಬಿಸುತ್ತಾನೆ. ಮರುದಿನ ಏರುದಾರಿಯಲ್ಲಿ ಕಾರು ಹಿಂದೇಟು ಹಾಕುತ್ತದೆ, ಪಿಕಪ್ ಬಿದ್ದಿದೆ ಅನ್ನಿಸುತ್ತದೆ. ಊರಿಗೆ ಮರಳಿ ಒಳ್ಳೆಯ ಪೆಟ್ರೋಲ್ ಹಾಕಿಸಿದ ಮೇಲೂ ಹಳೆಯ ಚುರುಕು ಬರುವುದಿಲ್ಲ. ಆಗ ಗೆಳೆಯರಿಂದ ಸಲಹೆ ಬರುತ್ತದೆ: ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚು, ಅರ್ಧ ಗಂಟೆ ಹಾಗೇ ಬಿಡು, ಕಂಪ್ಯೂಟರ್ ರೀಸೆಟ್ ಆಗುತ್ತೆ, ಕಾರು ಹೊಸದರಂತೆ ಓಡುತ್ತೆ.

ಸಲಹೆ ಸುಳ್ಳಲ್ಲ. ಆದರೆ ಅದನ್ನು ಯಾವಾಗ ಮಾಡುತ್ತಾರೆ ಎಂಬುದರ ಮೇಲೆ ಇಂಜಿನ್ನಿನ ಆಯುಷ್ಯ ನಿಂತಿದೆ. ಕಾರು ಮಂದವಾದದ್ದು ಅದರ ಕಂಪ್ಯೂಟರ್ ಕೆಟ್ಟದ್ದರಿಂದಲ್ಲ. ಕಂಪ್ಯೂಟರ್ ತನ್ನ ಕೆಲಸ ಸರಿಯಾಗಿ ಮಾಡಿದ್ದರಿಂದ. ಟ್ಯಾಂಕಿನಲ್ಲಿ ಕಳಪೆ ಪೆಟ್ರೋಲ್ ಇನ್ನೂ ಉಳಿದಿರುವಾಗ ಅದರ ನೆನಪನ್ನು ಅಳಿಸಿದರೆ, ಪಿಸ್ಟನ್ನಿಗೆ ಅದು ಹಿಡಿದಿದ್ದ ರಕ್ಷಣೆಯನ್ನೇ ಕಿತ್ತುಹಾಕಿದಂತಾಗುತ್ತದೆ.

ಇದು ಸ್ಪಷ್ಟವಾಗಬೇಕಾದರೆ ಆಕ್ಟೇನ್ ಸಂಖ್ಯೆಯಿಂದಲೇ ಶುರುಮಾಡಬೇಕು. ಬಂಕಿನ ಫಲಕದ ಮೇಲಿನ 91, 95, 97, 100 ಎಂಬ ಅಂಕಿಗಳು ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ. ಲೀಟರಿಗೆ ಎಷ್ಟು ಶಾಖ ಸಿಗುತ್ತದೆ ಎಂಬುದಕ್ಕೂ ಅವಕ್ಕೂ ನೇರ ಸಂಬಂಧವಿಲ್ಲ. ಒತ್ತಡಕ್ಕೂ ಬಿಸಿಗೂ ಸಿಕ್ಕಾಗ ಕಿಡಿ ಬೀಳುವ ಮುಂಚೆಯೋ ಜ್ವಾಲೆ ತಲುಪುವ ಮುಂಚೆಯೋ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳಬಲ್ಲದು ಎಂಬುದರ ಅಳತೆ ಅದು. ಈ ಅಳತೆಗೋಲನ್ನು 1926ರಲ್ಲಿ ರೂಪಿಸಿದವರು ಅಮೆರಿಕದ ಈಥೈಲ್ ಕಾರ್ಪೊರೇಷನ್ನಿನ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್. ಎರಡು ಶುದ್ಧ ದ್ರವಗಳನ್ನು ಅವರು ಎರಡು ತುದಿಗಳಲ್ಲಿ ಇಟ್ಟರು. ಸುಲಭಕ್ಕೆ ಹೊತ್ತಿಕೊಳ್ಳುವ ನಾರ್ಮಲ್ ಹೆಪ್ಟೇನಿಗೆ 0, ಹಟಹಿಡಿದು ತಡೆದುಕೊಳ್ಳುವ ಐಸೊ ಆಕ್ಟೇನಿಗೆ 100. ಆ ಹೆಪ್ಟೇನ್ ಸಿಕ್ಕಿದ್ದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಇಂದು 95 ಆಕ್ಟೇನ್ ಎಂದರೆ, 95 ಪಾಲು ಐಸೊ ಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದ ದ್ರವ ಹೇಗೆ ವರ್ತಿಸುತ್ತದೋ ಆ ಪೆಟ್ರೋಲೂ ಹಾಗೇ ವರ್ತಿಸುತ್ತದೆ ಎಂದರ್ಥ. ಪರೀಕ್ಷೆಗೆ ಒಂದೇ ಸಿಲಿಂಡರಿನ ವಿಶೇಷ ಇಂಜಿನ್ ಇದೆ. ಓಡುತ್ತಿರುವಾಗಲೇ ಅದರ ಕಂಪ್ರೆಷನ್ ಏರಿಸಬಹುದು, ಇಳಿಸಬಹುದು. ನಿಮಿಷಕ್ಕೆ 600 ಸುತ್ತಿನಲ್ಲಿ ಅಳೆದರೆ ಬರುವುದು ರಿಸರ್ಚ್ ಆಕ್ಟೇನ್. 900 ಸುತ್ತಿನಲ್ಲಿ, ಒಳಹೋಗುವ ಮಿಶ್ರಣವನ್ನು 149 ಡಿಗ್ರಿವರೆಗೆ ಕಾಯಿಸಿ ಅಳೆದರೆ ಬರುವುದು ಮೋಟಾರ್ ಆಕ್ಟೇನ್.

ಇಲ್ಲಿ ಎಡವುವವರು ಬಹಳ. ಭಾರತ, ಯೂರೋಪ್, ಜಪಾನುಗಳ ಬಂಕುಗಳಲ್ಲಿ ಬರೆಯುವುದು ರಿಸರ್ಚ್ ಆಕ್ಟೇನ್. ಅಮೆರಿಕದಲ್ಲಿ ಬರೆಯುವುದು ಎರಡರ ಸರಾಸರಿ. ಕ್ಯಾಲಿಫೋರ್ನಿಯಾದ ಬಂಕಿನಲ್ಲಿ 91 ಎಂದು ಕಾಣುವ ಪ್ರೀಮಿಯಂ ಪೆಟ್ರೋಲ್ ನಮ್ಮ ಲೆಕ್ಕದಲ್ಲಿ ಸುಮಾರು 95ರಿಂದ 96. ಅಮೆರಿಕದ ಕೈಪಿಡಿಯಲ್ಲಿ 91 ಸಾಕು ಎಂದು ಓದಿಕೊಂಡು ನಮ್ಮ ಲೆಕ್ಕದ 91 ಹಾಕಿಸಿದರೆ ನಾಲ್ಕೈದು ಅಂಕ ಕೆಳಗಿಳಿದಂತೆ. ವೇಗದ ಕಾರಿಗೆ ಅಷ್ಟು ಅಂತರ ದೊಡ್ಡದು.

ಇನ್ನು ಸಿಲಿಂಡರಿನ ಒಳಗೆ ಏನಾಗುತ್ತದೆ ನೋಡೋಣ. ಪಿಸ್ಟನ್ ಮೇಲಕ್ಕೆ ಬಂದು ಪೆಟ್ರೋಲು ಗಾಳಿಯ ಮಿಶ್ರಣವನ್ನು ಅದುಮುತ್ತದೆ. ಅದು ತುದಿ ಮುಟ್ಟುವ ಸ್ವಲ್ಪ ಮುಂಚೆಯೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಏಕೆಂದರೆ ಬೆಂಕಿ ಹರಡಲು ಸಮಯ ಬೇಕು. ಒಣಹುಲ್ಲಿನ ಬಯಲಿಗೆ ಒಂದು ಅಂಚಿನಿಂದ ಹಚ್ಚಿದ ಬೆಂಕಿ ಸಾಲುಗಟ್ಟಿ ಮುಂದೆ ಸರಿಯುವಂತೆ ಜ್ವಾಲೆ ಪ್ಲಗ್ಗಿನಿಂದ ಸುತ್ತಲ ಗೋಡೆಯ ಕಡೆಗೆ ಸಾಗುತ್ತದೆ. ಎಲ್ಲ ಸರಿಯಿದ್ದರೆ ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗೆ ತಿರುಗುವಾಗ ಒತ್ತಡ ತನ್ನ ಶಿಖರ ಮುಟ್ಟಿ ಅದನ್ನು ಬಲವಾಗಿ ತಳ್ಳುತ್ತದೆ. ಆದರೆ ಜ್ವಾಲೆ ಮುಂದೆ ಬರುತ್ತಿದ್ದಂತೆ ಮೂಲೆಯಲ್ಲಿ ಉಳಿದ ಮಿಶ್ರಣ ಇನ್ನಷ್ಟು ಅದುಮಿಸಿಕೊಂಡು ಕಾಯುತ್ತದೆ. ಪೆಟ್ರೋಲಿನ ಆಕ್ಟೇನ್ ಕಡಿಮೆಯಿದ್ದರೆ ಆ ಉಳಿಕೆ ಜ್ವಾಲೆ ಬರುವತನಕ ಕಾಯುವುದಿಲ್ಲ, ಒಟ್ಟಿಗೇ ಸಿಡಿಯುತ್ತದೆ. ಸಿಲಿಂಡರಿನ ಗೋಡೆಯಿಂದ ಗೋಡೆಗೆ ಒತ್ತಡದ ಅಲೆ ಬಡಿಯುತ್ತದೆ. ಗ್ಯಾರೇಜಿನವರು ನಾಕಿಂಗ್ ಅನ್ನುವ ಕಟಕಟ ಸದ್ದು ಅದೇ.

ಆ ಸದ್ದಿಗೂ ಒಂದು ಶ್ರುತಿಯಿದೆ. ಸಿಲಿಂಡರಿನ ಅಗಲವೇ ಅದನ್ನು ನಿರ್ಧರಿಸುತ್ತದೆ. 92 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ಅದು ಸೆಕೆಂಡಿಗೆ ಸುಮಾರು 6,000 ಕಂಪನ. 1930ರ ದಶಕದಲ್ಲಿ ಈ ಲೆಕ್ಕ ಹಾಕಿದವರು ಅಮೆರಿಕದ ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್. 

ಸಣ್ಣ ನಾಕಿಂಗ್ ಒಂದೆರಡು ಸಲ ಆದರೆ ಇಂಜಿನ್ ಸಹಿಸಿಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಅದುಮಿ ತುಂಬುವ ಒತ್ತಡ, ಅಂದರೆ ಬೂಸ್ಟ್, ಪೂರ್ತಿ ಇರುವಾಗ ಬಿಡದೆ ನಡೆದರೆ ಸಹಿಸುವುದಿಲ್ಲ. ಲೋಹದ ಮೇಲ್ಮೈಗೆ ಅಂಟಿಕೊಂಡು ಅದನ್ನು ಬಿಸಿಯಿಂದ ಕಾಯುವ ತೆಳು ಅನಿಲದ ಪದರವನ್ನು ಆ ಅಲೆಗಳು ಹರಿದುಹಾಕುತ್ತವೆ. ಪಿಸ್ಟನ್ನಿನ ಅಂಚು ಮರಳು ಉಜ್ಜಿದಂತೆ ಒರಟಾಗುತ್ತದೆ. ಪ್ಲಗ್ಗಿನ ಪಿಂಗಾಣಿ ಬಿರುಕು ಬಿಡುತ್ತದೆ. ಟರ್ಬೊ ಇಂಜಿನ್ನುಗಳಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಪಿಸ್ಟನ್ ರಿಂಗುಗಳ ನಡುವಿನ ಸಣ್ಣ ಏಣು. ಅದು ಮುರಿದರೆ ಆ ಸಿಲಿಂಡರಿನ ಕಂಪ್ರೆಷನ್ ಹೋಯಿತು, ಇಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ.

ಹಿಂದಿನವರು ಇದಕ್ಕೆ ಹುಡುಕಿದ ಉಪಾಯ ಪೆಟ್ರೋಲಿನಲ್ಲೇ ಇತ್ತು. ಜನರಲ್ ಮೋಟರ್ಸಿನ ಥಾಮಸ್ ಮಿಡ್ಜ್‌ಲಿ ಮತ್ತು ಚಾರ್ಲ್ಸ್ ಕೆಟರಿಂಗ್ ಅವರ ತಂಡ 1921ರಲ್ಲಿ ಸೀಸದ ಒಂದು ಸಂಯುಕ್ತ ನಾಕಿಂಗನ್ನು ಅಡಗಿಸುತ್ತದೆಂದು ಕಂಡುಕೊಂಡಿತು. ಆ ಸೀಸ ದಶಕಗಳ ಕಾಲ ಊರೂರಿನ ಗಾಳಿಯಲ್ಲಿ ಬೆರೆತು ಮಕ್ಕಳ ಮೆದುಳಿಗೆ ಮಾಡಿದ ಹಾನಿ ದೊಡ್ಡದು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತದ್ದು 2000ನೇ ಇಸವಿಯ ಫೆಬ್ರವರಿ 1ರಂದು.

ಇನ್ನೊಂದು ದಾರಿ ಇಂಜಿನ್ನಿಗೇ ಕಿವಿ ಕೊಡುವುದು. 1978ರ ಬ್ಯೂಕ್ ಟರ್ಬೊ ಕಾರುಗಳಲ್ಲಿ ನಾಕ್ ಸೆನ್ಸರ್ ಬಂತು. ಸ್ವೀಡನ್ನಿನ ಸಾಬ್ ಕಂಪನಿಯ ಇಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಇನ್ನೂ ಮುಂದೆ ಹೋದರು. ಅವರ ಎಪಿಸಿ ವ್ಯವಸ್ಥೆ 1982ರ ಸಾಬ್ 900 ಟರ್ಬೊದಲ್ಲಿ ಬಂತು. ಸದ್ದು ಕೇಳಿದ ಕೂಡಲೇ ಟರ್ಬೊ ಒತ್ತಡವನ್ನು ಇಳಿಸುವುದು, ಸದ್ದು ನಿಂತರೆ ಮತ್ತೆ ಏರಿಸುವುದು ಅದರ ಕೆಲಸ. ಒಳ್ಳೆಯ ಪೆಟ್ರೋಲ್ ಹಾಕಿದರೆ ಹೆಚ್ಚು ಶಕ್ತಿ, ಸಾಧಾರಣದ್ದು ಹಾಕಿದರೆ ಕಡಿಮೆ ಶಕ್ತಿ, ಇಂಜಿನ್ನಿಗೆ ಮಾತ್ರ ಅಪಾಯವಿಲ್ಲ. ಕಾರಿನ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಇಂದಿನ ಸೆನ್ಸರ್ ನೋಡಲು ಸಣ್ಣ ಕಪ್ಪು ಬಳೆ. ನಡುವಿನ ತೂತಿನ ಮೂಲಕ ಒಂದೇ ಬೋಲ್ಟಿನಿಂದ ಇಂಜಿನ್ ಬ್ಲಾಕಿಗೆ ಬಿಗಿದಿರುತ್ತಾರೆ. ಒಳಗಿನ ಹರಳು ಅದುರಿದಾಗ ವಿದ್ಯುತ್ ಹುಟ್ಟುತ್ತದೆ. ವಾಲ್ವ್ ಬಡಿತ, ಚೈನಿನ ಸದ್ದು, ರಸ್ತೆಯ ಕುಲುಕಾಟ ಎಲ್ಲವೂ ಅದಕ್ಕೆ ಕೇಳಿಸುತ್ತದೆ. ಆದ್ದರಿಂದ ಕಂಪ್ಯೂಟರ್ ಪ್ರತಿ ಸಿಲಿಂಡರಿಗೂ ಕಿಡಿ ಹಾರಿದ ನಂತರದ ಸಣ್ಣ ಅವಧಿಯಲ್ಲಿ ಮಾತ್ರ, ಅದೂ ನಾಕಿಂಗಿನ ಶ್ರುತಿಯನ್ನು ಮಾತ್ರ ಆಲಿಸುತ್ತದೆ. ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಡಿಗ್ರಿ ಎಂದರೆ ಸೆಕೆಂಡಿನ 10 ಲಕ್ಷದಲ್ಲಿ 28 ಪಾಲು. ಅಂಥ ವೇಗದಲ್ಲೇ ಕೇಳಿ, ತೂಗಿ, ಆ ಸಿಲಿಂಡರಿನ ಮುಂದಿನ ಕಿಡಿಯನ್ನು ಒಂದೆರಡು ಡಿಗ್ರಿ ತಡಮಾಡುತ್ತದೆ. ಕಿಡಿ ತಡವಾದರೆ ಮೂಲೆಯ ಮಿಶ್ರಣದ ಮೇಲಿನ ಒತ್ತಡ ತಗ್ಗುತ್ತದೆ, ಸಿಡಿತ ನಿಲ್ಲುತ್ತದೆ. ಅದರ ಜೊತೆಗೆ ತಳ್ಳುವ ಬಲವೂ ತಗ್ಗುತ್ತದೆ. ಉರಿಯುವುದು ತಡವಾದ್ದರಿಂದ ಹೊರಹೋಗುವ ಹೊಗೆಯ ಬಿಸಿ ಏರುತ್ತದೆ.

ಇಷ್ಟು ಕ್ಷಣದ ಲೆಕ್ಕ. ಮಾಲೀಕನನ್ನು ದಿನಗಟ್ಟಲೆ ಕಾಡುವುದು ಅದರ ಹಿಂದಿರುವ ನೆನಪು.

ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಕಾರಿನ ಕಂಪ್ಯೂಟರಿನಲ್ಲಿ ಈ ನೆನಪು ಹೇಗಿದೆಯೆಂದು ಬಿಡಿಸಿ ನೋಡುವುದು ಸುಲಭ, ಏಕೆಂದರೆ ರೋಮ್‌ರೈಡರ್‌ನಂಥ ತಂತ್ರಾಂಶದಿಂದ ಮಾಲೀಕರೇ ಅದನ್ನು ಲ್ಯಾಪ್‌ಟಾಪಿನಲ್ಲಿ ಓದುತ್ತಾ ಬಂದಿದ್ದಾರೆ. ಅದರಲ್ಲಿ ಮೂರು ಪದರಗಳಿವೆ. ಮೇಲಿನದು ಆ ಕ್ಷಣದ ತಿದ್ದುಪಡಿ. ಸದ್ದು ಕೇಳಿದಾಗ ಕಿಡಿ ತಡ, ಸದ್ದು ನಿಂತಾಗ ನಿಧಾನಕ್ಕೆ ವಾಪಸು. ಎರಡನೆಯದು ಒಂದು ಕೋಷ್ಟಕ. ಇಷ್ಟು ಸುತ್ತಿನಲ್ಲಿ, ಇಷ್ಟು ಭಾರದಲ್ಲಿ ಪದೇ ಪದೇ ನಾಕಿಂಗ್ ಬಂತೆಂದರೆ ಆ ಮನೆಯಲ್ಲಿ ಒಂದು ಕಡಿತವನ್ನು ಬರೆದಿಡುತ್ತದೆ. ಮತ್ತೆ ಅದೇ ಸ್ಥಿತಿ ಬಂದಾಗ ಸದ್ದಿಗೆ ಕಾಯದೆ ಮೊದಲೇ ಕಿಡಿಯನ್ನು ತಡಮಾಡುತ್ತದೆ. ಮೂರನೆಯದೇ ದೊಡ್ಡದು. 0ಯಿಂದ 1ರವರೆಗಿನ ಒಂದೇ ಸಂಖ್ಯೆ. ಕಿಡಿಯನ್ನು ಎಷ್ಟು ಮುಂಚಿತವಾಗಿ ಹಾರಿಸುವ ಧೈರ್ಯ ಮಾಡಬಹುದು ಎಂಬುದನ್ನು ಇಡೀ ಇಂಜಿನ್ನಿಗೆ ಅದೇ ಹೇಳುತ್ತದೆ. 1 ಇದ್ದರೆ ಪೆಟ್ರೋಲಿನ ಮೇಲೆ ಪೂರ್ತಿ ನಂಬಿಕೆ. ಕಳಪೆ ಪೆಟ್ರೋಲ್ ಬಿದ್ದರೆ ಈ ಸಂಖ್ಯೆ ಕುಸಿಯುತ್ತದೆ. ಮಾಲೀಕನಿಗೆ ಪಿಕಪ್ ಬಿದ್ದಂತೆ ಅನ್ನಿಸುವುದು ಈ ಕುಸಿತದಿಂದಲೇ.

ಬೇರೆ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ದಾರಿ. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್‌ನಲ್ಲಿ ಒಳ್ಳೆಯ ಪೆಟ್ರೋಲಿಗೊಂದು, ಸಾಧಾರಣದ್ದಕ್ಕೊಂದು ಎಂದು ಎರಡು ಕೋಷ್ಟಕಗಳಿದ್ದು, ಕಲಿತ ಆಕ್ಟೇನ್ ಅಂದಾಜಿಗೆ ತಕ್ಕಂತೆ ಎರಡರ ನಡುವೆ ಎಲ್ಲೋ ಒಂದು ಕಡೆ ಇಂಜಿನ್ ನಿಲ್ಲುತ್ತದೆ. ಜನರಲ್ ಮೋಟರ್ಸಿನ ವಿ8 ಇಂಜಿನ್ನುಗಳ ಕಾರ್ವೆಟ್ ಕಾರುಗಳದೂ ಅದೇ ಪದ್ಧತಿ. ಫೋರ್ಡ್ ಇಕೊಬೂಸ್ಟ್ ಇಂಜಿನ್ನುಗಳಲ್ಲಿ ಈ ಅಂದಾಜು ಒಂದು ಅನುಪಾತವಾಗಿ ಕೂತಿರುತ್ತದೆ. ಮೈನಸ್ 1 ಅತಿ ಒಳ್ಳೆಯದು, ಪ್ಲಸ್ 1 ಅತಿ ಕೆಟ್ಟದ್ದು. ಎಲ್ಲ ಕಡೆಯೂ ನಂಬಿಕೆ ಇಳಿಯುವುದು ಬೇಗ, ಏರುವುದು ನಿಧಾನ. ಇಳಿಯಲು ತಡಮಾಡಿದರೆ ಪಿಸ್ಟನ್ ಹೋಗುತ್ತದೆ, ಏರಲು ತಡಮಾಡಿದರೆ ನಾಲ್ಕು ದಿನದ ಚುರುಕು ಹೋಗುತ್ತದೆ, ಅಷ್ಟೇ. ಇಂಜಿನಿಯರುಗಳು ಸರಿಯಾಗಿಯೇ ಆರಿಸಿದ್ದಾರೆ.

ಈ ವಿಷಯ ಜನರ ಕೈಗೆ ಬಂದು ನಿಜವಾಗಿ ಬಿಸಿ ಮುಟ್ಟಿಸಿದ್ದು ಬ್ರಿಟನ್ನಿನಲ್ಲಿ, ತೊಂಬತ್ತರ ದಶಕದ ಕೊನೆಯಿಂದ. ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ 1995ರಲ್ಲಿ ಸುಬಾರು ಇಂಪ್ರೆಜಾ ಓಡಿಸಿ ವಿಶ್ವ ರ್‍ಯಾಲಿ ಚಾಂಪಿಯನ್ ಆದ ಮೇಲೆ ಅಲ್ಲಿನ ಯುವಕರಿಗೆ ಆ ಕಾರಿನ ಹುಚ್ಚು ಹಿಡಿಯಿತು. ಅಲ್ಲಿ ಅಧಿಕೃತವಾಗಿ ಮಾರುತ್ತಿದ್ದ ಇಂಪ್ರೆಜಾ ಟರ್ಬೊ ಸ್ಥಳೀಯ ಪೆಟ್ರೋಲಿಗೆ ಹೊಂದಿಸಿದ ಕಾರು, ಸುಮಾರು 208 ಅಶ್ವಶಕ್ತಿಯದು. ಜಪಾನಿನಲ್ಲಿ ಮಾರುತ್ತಿದ್ದ ಅದೇ ಕಾರಿನ ಎಸ್‌ಟಿಐ ಮಾದರಿಗಳ ಶಕ್ತಿ 280. ಅಲ್ಲಿನ ಕಂಪನಿಗಳು 1989ರಿಂದ 2004ರವರೆಗೆ ತಮ್ಮೊಳಗೇ ಮಾಡಿಕೊಂಡಿದ್ದ ಗರಿಷ್ಠ ಮಿತಿಯೂ ಅದೇ. ಜನ ಹಡಗಿನಲ್ಲಿ ನೇರವಾಗಿ ಜಪಾನಿನಿಂದಲೇ ಬಳಸಿದ ಎಸ್‌ಟಿಐಗಳನ್ನು ತರಿಸತೊಡಗಿದರು. ಎರಡೂ ದೇಶಗಳಲ್ಲಿ ಓಡಿಸುವುದು ಎಡಬದಿಯಲ್ಲಿ, ಸ್ಟಿಯರಿಂಗ್ ಬಲಕ್ಕೆ. ಹಾಗಾಗಿ ತರಿಸುವುದು ಸುಲಭವಾಗಿತ್ತು.

ತೊಡಕು ಟ್ಯಾಂಕಿನಲ್ಲಿತ್ತು. ಜಪಾನಿನಲ್ಲಿ ಹೈ ಆಕ್ಟೇನ್ ಎಂದು ಮಾರುವ ಪೆಟ್ರೋಲ್ 100ರ ಆಸುಪಾಸಿನದು, ಆ ಕಾರುಗಳ ಕೋಷ್ಟಕಗಳನ್ನು ಬರೆದದ್ದು ಅದನ್ನೇ ನಂಬಿ. ಬ್ರಿಟನ್ನಿನ ಸಾಧಾರಣ ಬಂಕಿನಲ್ಲಿ ಸಿಗುತ್ತಿದ್ದದ್ದು 95, ಹುಡುಕಿದರೆ 97. ಶೆಲ್ ಕಂಪನಿಯ 98 ಮೀರಿದ ಆಪ್ಟಿಮ್ಯಾಕ್ಸ್ ಬಂದದ್ದು 2001ರಲ್ಲಿ. ಸಾಧಾರಣ ಪೆಟ್ರೋಲಿನಲ್ಲಿ ಇಂಥ ಕಾರಿನ ನಂಬಿಕೆಯ ಸಂಖ್ಯೆ ಕುಸಿಯುತ್ತಿತ್ತು, ಮಾಲೀಕ ರೀಸೆಟ್ ಮಾಡುತ್ತಿದ್ದ. ಆಗಿನ ಇಂಪ್ರೆಜಾಗಳಲ್ಲಿ ಅದಕ್ಕೆಂದೇ ಡ್ಯಾಶ್‌ಬೋರ್ಡಿನ ಕೆಳಗೆ ಹಸಿರು ಬಣ್ಣದ ಒಂದು ಜೋಡಿ, ಕಪ್ಪು ಬಣ್ಣದ ಒಂದು ಜೋಡಿ ಕನೆಕ್ಟರುಗಳು ಬಿಡಿಬಿಡಿಯಾಗಿ ನೇತಾಡುತ್ತಿದ್ದವು. ಎರಡೂ ಜೋಡಿಗಳನ್ನು ಸೇರಿಸಿ, ಬಿಸಿಯಾದ ಇಂಜಿನ್ನಿನಲ್ಲಿ ಸ್ವಲ್ಪ ದೂರ ಓಡಿಸಿದರೆ ಚೆಕ್ ಇಂಜಿನ್ ದೀಪ ಮಿನುಗಿ ನೆನಪು ಅಳಿದದ್ದನ್ನು ತಿಳಿಸುತ್ತಿತ್ತು. ರೀಸೆಟ್ ಆದ ದಿನ ಕಾರು ಹಾರುತ್ತಿತ್ತು. ಎರಡು ದಿನಕ್ಕೆ ಮತ್ತೆ ಮಂದ. ಮತ್ತೆ ರೀಸೆಟ್. ಪ್ರತಿ ಸಲವೂ ಇಂಜಿನ್ ಹೊಸದಾಗಿ ನಾಕಿಂಗ್ ಅನುಭವಿಸಿಯೇ ಪಾಠ ಕಲಿಯಬೇಕಿತ್ತು. ತಿಳಿದ ಟ್ಯೂನರುಗಳು ಹೇಳುತ್ತಿದ್ದದ್ದು ಒಂದೇ: ಅಲ್ಲಿ ಸಿಗುವ ಪೆಟ್ರೋಲಿಗೆ ತಕ್ಕಂತೆ ಕೋಷ್ಟಕವನ್ನೇ ಮತ್ತೆ ಬರೆಸಿ, ಇಲ್ಲವೇ ಬೂಸ್ಟ್ ಇಳಿಸಿ.

ಹಾಗಾದರೆ ಒಮ್ಮೆ ಮಾತ್ರ ಕಳಪೆ ಪೆಟ್ರೋಲ್ ಬಿದ್ದ ಕಾರಿಗೆ ಏನು ಮಾಡಬೇಕು? ಮೊದಲ ಕೆಲಸ ಬಲಗಾಲಿನದು. ಕಡಿಮೆ ಸುತ್ತಿನಲ್ಲಿ ಮೇಲಿನ ಗೇರು ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಗೇರು ಇಳಿಸಿ, ಬೂಸ್ಟ್ ಏರದಂತೆ ಹಗುರವಾಗಿ ಓಡಿಸಬೇಕು. ಹಾಗೆ ಓಡಿಸಿದರೆ ಸಾಧಾರಣ ಪೆಟ್ರೋಲಿನಿಂದಲೂ ಇಂಜಿನ್ನಿಗೆ ಹಾನಿಯಿಲ್ಲ.

ಎರಡನೆಯದು ಟ್ಯಾಂಕಿನ ಲೆಕ್ಕ. ಆಕ್ಟೇನ್ ಬೆರಕೆಯನ್ನು ಸರಾಸರಿಯಿಂದಲೇ ಅಂದಾಜು ಮಾಡಬಹುದು. 60 ಲೀಟರ್ ಟ್ಯಾಂಕಿನಲ್ಲಿ 91ರ ಪೆಟ್ರೋಲ್ 15 ಲೀಟರ್ ಉಳಿದಿದೆ, ಅದರ ಮೇಲೆ 97ರದ್ದು 45 ಲೀಟರ್ ಹಾಕಿಸಿದರೆ ಸಿಗುವುದು 95.5. ಮತ್ತೆ ಕಾಲು ಟ್ಯಾಂಕಿಗೆ ಬಂದಾಗ 97ರದ್ದನ್ನೇ ತುಂಬಿಸಿದರೆ 96.6. ಅಂದರೆ ಒಳ್ಳೆಯ ಪೆಟ್ರೋಲ್ ಹಾಕಿಸಿದ ದಿನವೇ ಟ್ಯಾಂಕಿನೊಳಗೆ ಒಳ್ಳೆಯ ಪೆಟ್ರೋಲ್ ಇರುವುದಿಲ್ಲ. ಎರಡು ಸಲ ತುಂಬಿಸಬೇಕು. ಅಂಗಡಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಬಾಟಲಿಗಳ ಮೇಲಿನ ಪಾಯಿಂಟ್ ಲೆಕ್ಕಕ್ಕೆ ಮರುಳಾಗಬಾರದು. ಹಲವು ಬಾಟಲಿಗಳ ಮೇಲೆ ಒಂದು ಪಾಯಿಂಟ್ ಎಂದರೆ ಆಕ್ಟೇನಿನ ಹತ್ತನೇ ಒಂದು ಭಾಗ. 7 ಪಾಯಿಂಟ್ ಏರಿಸುತ್ತದೆಂದರೆ 91 ಹೋಗಿ 91.7 ಆಗುತ್ತದೆ, 98 ಅಲ್ಲ.

ಆಮೇಲೆ ರೀಸೆಟ್‌ನ ಮಾತು. ಅವಸರವಿಲ್ಲದವರಿಗೆ ಅದು ಬೇಕಾಗಿಯೇ ಇಲ್ಲ. ಒಳ್ಳೆಯ ಪೆಟ್ರೋಲಿನಲ್ಲಿ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ಭಾರದಲ್ಲಿ ಓಡಿಸಿದರೆ ಕಂಪ್ಯೂಟರ್ ತಾನಾಗಿಯೇ ನಂಬಿಕೆಯನ್ನು ಏರಿಸಿಕೊಳ್ಳುತ್ತದೆ. ಆದರೆ ಅದು ಕಲಿಯುವುದು ಇಂಜಿನ್ ಒಂದಷ್ಟು ದುಡಿಯುವಾಗ ಮಾತ್ರ. ಊರೊಳಗಿನ ಸಿಗ್ನಲ್ ಸಿಗ್ನಲ್ಲಿಗೆ ನಿಲ್ಲುವ ಓಡಾಟದಲ್ಲಿ ಆ ಸಂದರ್ಭವೇ ಬರುವುದಿಲ್ಲ, ಹಳೆಯ ಕಡಿತ ವಾರಗಟ್ಟಲೆ ಹಾಗೇ ಕೂತಿರುತ್ತದೆ. ಅಂಥವರಿಗೆ ರೀಸೆಟ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ದಾರಿಗಳು ಹಲವು. ಹಳೆಯ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಅರ್ಧ ಗಂಟೆ ಬಿಟ್ಟರೆ ಸಾಕು. ಹಲವು ಹೊಸ ಕಾರುಗಳಲ್ಲಿ ಕಲಿತದ್ದು ವಿದ್ಯುತ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿ ಇರುತ್ತದೆ. ಅಲ್ಲಿ ತಂತಿ ಬಿಚ್ಚಿದರೆ ಗಡಿಯಾರ, ರೇಡಿಯೊ ಕೋಡು, ಒಂದೇ ಒತ್ತಿಗೆ ಏರುವ ಕಿಟಕಿಯ ಹೊಂದಾಣಿಕೆ ಹೋಗುತ್ತವೆಯೇ ಹೊರತು ನಾಕಿಂಗಿನ ನೆನಪು ಹೋಗುವುದಿಲ್ಲ. ಸ್ಕ್ಯಾನರ್ ಹಾಕಿ ಅಡಾಪ್ಟೇಷನ್ ಅಳಿಸುವುದೇ ಸರಿಯಾದ ವಿಧಾನ. ಬರೀ ಫಾಲ್ಟ್ ಕೋಡ್ ಅಳಿಸುವುದು ಬೇರೆ, ಕಲಿತದ್ದನ್ನು ಅಳಿಸುವುದು ಬೇರೆ. ಗ್ಯಾರೇಜಿನಲ್ಲಿ ಯಾವುದನ್ನು ಮಾಡುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಬೇಕು.

ಅಳಿಸಿದಾಗ ಹೋಗುವುದು ಕಿಡಿಯ ಲೆಕ್ಕವೊಂದೇ ಅಲ್ಲ. ಇಂಜೆಕ್ಟರುಗಳ ಸವೆತ, ಗಾಳಿ ಅಳೆಯುವ ಸೆನ್ಸರಿನ ಸಣ್ಣ ತಪ್ಪು, ಥ್ರಾಟಲ್ ಮೇಲಿನ ಮಸಿ, ಇವಕ್ಕೆಲ್ಲ ಕಂಪ್ಯೂಟರ್ ವರ್ಷಗಟ್ಟಲೆ ಹೊಂದಿಕೊಂಡಿರುತ್ತದೆ. ಅದೂ ಹೋಗುವುದರಿಂದ ರೀಸೆಟ್ ಆದ ಮೊದಲ ಗಂಟೆಯಲ್ಲಿ ಐಡ್ಲಿಂಗ್ ಏರಿಳಿಯುತ್ತದೆ, ಸಿಗ್ನಲ್ಲಿನಲ್ಲಿ ಇಂಜಿನ್ ನಿಂತೂ ಹೋಗಬಹುದು. ಕಾರಿನ ಸ್ವಯಂ ಪರೀಕ್ಷೆಯ ದಾಖಲೆಗಳೂ ಅಳಿಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಗೆ ಹೋಗುವವರಿಗೆ ಇದು ದೊಡ್ಡ ತಲೆನೋವು. ಆ ದಾಖಲೆಗಳು ಮತ್ತೆ ತುಂಬುವತನಕ ಪ್ರಮಾಣಪತ್ರ ಸಿಗುವುದಿಲ್ಲ. 2010ರಿಂದೀಚಿನ ಮಾದರಿಗಳಲ್ಲಿ ಕೆಲವು ದೋಷಸಂಖ್ಯೆಗಳು ಯಾವ ಸ್ಕ್ಯಾನರಿಗೂ ಜಗ್ಗುವುದಿಲ್ಲ. ದೋಷ ನಿಜವಾಗಿ ಹೋಗಿದೆಯೆಂದು ಕಾರಿಗೇ ಖಾತ್ರಿಯಾದ ಮೇಲೆ ಅವು ತಾವಾಗಿ ಅಳಿಯುತ್ತವೆ.

ಅಳಿಸಿದ ನಂತರ ಶುರುವಾಗುವ ಸಂಖ್ಯೆಯೂ ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ. ಹಲವು ಹಳೆಯ ಸುಬಾರುಗಳು ಅರ್ಧ ನಂಬಿಕೆಯಿಂದ ಹೊರಟು ಮೇಲೇರುತ್ತವೆ. ಪೂರ್ತಿ ನಂಬಿಕೆಯಿಂದಲೇ ಹೊರಡುವ ಕಾರುಗಳೂ ಇವೆ. ಕಳಪೆ ಪೆಟ್ರೋಲ್ ಉಳಿದಿರುವಾಗ ಇವನ್ನು ರೀಸೆಟ್ ಮಾಡುವುದೇ ಅತಿ ಅಪಾಯ. ಟ್ಯಾಂಕಿನಲ್ಲಿ ಒಳ್ಳೆಯ ಪೆಟ್ರೋಲ್ ಇರುವಾಗ ರೀಸೆಟ್ ಮಾಡಿದ ಮೇಲೆ, ಇಗ್ನಿಷನ್ ಆನ್ ಮಾಡಿ ಕೆಲವು ಸೆಕೆಂಡು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡಬೇಕು. ಎಸಿ ಹಾಕದೆ, ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡ್ಲಿಂಗಿನಲ್ಲಿ ಬಿಡಬೇಕು. ನಂತರ ಹೆದ್ದಾರಿಯಲ್ಲಿ ಒಂದೇ ವೇಗದ ಓಟ, ಆಮೇಲೆ ಮೂರನೇ, ನಾಲ್ಕನೇ ಗೇರಿನಲ್ಲಿ ಮಧ್ಯಮ ಒತ್ತಿನ ಓಟ. ನಂಬಿಕೆಯ ಸಂಖ್ಯೆ ಮೇಲೇರಿ ನಿಂತದ್ದನ್ನು ಸ್ಕ್ಯಾನರಿನಲ್ಲಿ ಕಣ್ಣಾರೆ ಕಂಡ ಮೇಲಷ್ಟೇ ಪೂರ್ತಿ ಬೂಸ್ಟ್.

ನಮ್ಮ ನಾಡಿನ ಮಟ್ಟಿಗೆ ಇದರಲ್ಲಿ ಒಂದು ವಿಶೇಷವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಕಡಿಮೆ, ಅದಕ್ಕೆ ಬೇಕಾದ ಆಕ್ಟೇನೂ ತುಸು ಕಡಿಮೆ. ಅಮೆರಿಕದ ಕೊಲರಾಡೊದಂಥ ಬೆಟ್ಟದ ರಾಜ್ಯಗಳಲ್ಲಿ 85ರ ಪೆಟ್ರೋಲನ್ನೂ ಮಾರುತ್ತಾ ಬಂದಿರುವುದು ಇದೇ ಕಾರಣಕ್ಕೆ. ಆದರೆ ಟರ್ಬೊ ಇಂಜಿನ್ ಗಾಳಿಯ ಆ ಕೊರತೆಯನ್ನು ತಾನೇ ಅದುಮಿ ತುಂಬಿಕೊಳ್ಳುತ್ತದೆ. ಎತ್ತರದ ರಿಯಾಯಿತಿ ಅದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡಿದ ಕಾರು ಮಂಗಳೂರಿಗೆ ಇಳಿದು, ಏಪ್ರಿಲ್ ಬಿಸಿಲಿನಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕಟಕಟ ಅಂದರೆ ಅಚ್ಚರಿಯಿಲ್ಲ. ದಟ್ಟ ಗಾಳಿ, ಬಿಸಿ ಹವೆ, ಲಾರಿಗಳ ಹಿಂದೆ ಕಡಿಮೆ ವೇಗ, ತಿರುವಿನಲ್ಲಿ ಒಮ್ಮೆಲೇ ಪೂರ್ತಿ ಒತ್ತು: ನಾಕಿಂಗಿಗೆ ಬೇಕಾದದ್ದೆಲ್ಲ ಅಲ್ಲಿ ಒಟ್ಟಿಗೇ ಸಿಗುತ್ತದೆ. ರೀಸೆಟ್ ಆದ ಕಾರಿಗೆ ಪಾಠ ಕಲಿಸಲು ಘಾಟಿ ಸರಿಯಾದ ಜಾಗವಲ್ಲ. ಹಾಸನದ ಬಯಲು ಹೆದ್ದಾರಿಯೇ ಮೇಲು.

ಇಲ್ಲಿನ ಪೆಟ್ರೋಲೂ ಬದಲಾಗಿದೆ. ಒಂದು ಕಾಲಕ್ಕೆ 88 ಇದ್ದ ಸಾಧಾರಣ ಪೆಟ್ರೋಲ್ 91ಕ್ಕೆ ಏರಿತು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಆಕ್ಟೇನ್ 95 ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ತಿಳಿಸಿದೆ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು. ಆಗ ಅದರ ತಯಾರಿ ಮಥುರಾ ರಿಫೈನರಿಯಲ್ಲಿ. ಎಥನಾಲ್ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ ನಿಜ. ಆದರೆ ಲೀಟರಿಗೆ ಅದರಲ್ಲಿರುವ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹೆಚ್ಚು ಎಥನಾಲಿದ್ದಾಗ ಕಂಪ್ಯೂಟರ್ ಹೆಚ್ಚು ಇಂಧನ ಚಿಮುಕಿಸಲು ಕಲಿತಿರುತ್ತದೆ. ಆ ಕಲಿಕೆಯನ್ನೂ ರೀಸೆಟ್ ಅಳಿಸಿಬಿಡುತ್ತದೆ. ಹಳೆಯ ಲ್ಯಾನ್ಸರ್ ಇವೊಲ್ಯೂಷನ್ ಇಟ್ಟುಕೊಂಡವರು ಆಕ್ಟೇನ್ ಅಂಕಿಯೊಂದನ್ನೇ ನೋಡದೆ ಎಥನಾಲಿನ ಪ್ರಮಾಣವನ್ನೂ, ತಮ್ಮ ಕಾರಿನ ರಬ್ಬರ್ ಪೈಪುಗಳು ಅದನ್ನು ತಡೆಯುತ್ತವೆಯೇ ಎಂಬುದನ್ನೂ ವಿಚಾರಿಸಬೇಕು.

ಎರಡು ಟ್ಯಾಂಕ್ ಒಳ್ಳೆಯ ಪೆಟ್ರೋಲ್ ಓಡಿ, ರೀಸೆಟ್ ಆಗಿ, ಸಾವಧಾನವಾಗಿ ಓಡಿಸಿದ ಮೇಲೂ ನಂಬಿಕೆಯ ಸಂಖ್ಯೆ ಮತ್ತೆ ಮತ್ತೆ ಕುಸಿಯುತ್ತಿದ್ದರೆ ತಪ್ಪು ಪೆಟ್ರೋಲಿನದಲ್ಲ. ಆಗ ನೋಡಬೇಕಾದದ್ದು ಬೇರೆ. ಪಿಸ್ಟನ್ ಮೇಲೆ ಕಟ್ಟಿದ ಕಾರ್ಬನ್, ಒಳಗಾಳಿಯ ಜೊತೆ ಸೇರುತ್ತಿರುವ ಆಯಿಲ್ ಆವಿ, ತಪ್ಪು ಹೀಟ್ ರೇಂಜಿನ ಪ್ಲಗ್, ಒತ್ತಡ ಕಳೆದುಕೊಂಡ ಫ್ಯೂಯಲ್ ಪಂಪ್, ಇಂಟರ್‌ಕೂಲರ್ ಪೈಪಿನ ಬಿರುಕು. ನಾಕ್ ಸೆನ್ಸರಿನ ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ಪರೀಕ್ಷಿಸಬೇಕು. ಸಾಮಾನ್ಯವಾಗಿ ಅದರ ಬಿಗಿತ 20 ನ್ಯೂಟನ್ ಮೀಟರ್. ಸಡಿಲವಾದರೂ ಅತಿಯಾಗಿ ಬಿಗಿದರೂ ಕಿವಿ ತಪ್ಪು ಕೇಳುತ್ತದೆ. ಕೊನೆಗೆ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ. ನಾಲ್ಕರಲ್ಲಿ ಒಂದೇ ಸಿಲಿಂಡರ್ ಎದ್ದುಕಾಣುವಷ್ಟು ಕೆಳಗಿದ್ದು, ಅದರ ಗಾಳಿ ಆಯಿಲ್ ಮುಚ್ಚಳದ ಕಡೆಯಿಂದ ಸೋರುತ್ತಿದ್ದರೆ ರಿಂಗುಗಳ ನಡುವಿನ ಏಣು ಮುರಿದಿರುವ ಸಾಧ್ಯತೆ ಹೆಚ್ಚು. ಅಂಥ ಕಾರನ್ನು ಮತ್ತೆ ರೀಸೆಟ್ ಮಾಡದೆ, ಓಡಿಸದೆ, ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು.